ತಂದವರ ತಪ್ಪು

ಜೂನ್ 4

ಅಕ್ಕ,

ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ನನ್ನ ನಂಬರ್ ಬ್ಲಾಕ್ ಮಾಡ್ಕೊಂಡು ಕೂತಿದ್ದೀಯ. ನರ್ಸಿಂಗ್ ಹಾಸ್ಟೆಲ್ ಹತ್ರ ಬಂದ್ರೆ ವಾರ್ಡನ್ ಕೈಲಿ ಓಡಿಸ್ತೀಯ. ಅದಕ್ಕೇ ಈ ಕಾಗದ. ಖಾಲಿ ಡಬ್ಬಿಗೆ ಹಾಕಿ ಪೈಪಿಗೆ ಬಿಡ್ತಿದ್ದೀನಿ. ಈ ಪೈಪು ಬಂದಮೇಲೆ ಅದರಿಂದ ಆದ ಮೊದಲನೇ ಉಪಕಾರ ಇದೇ ಇರಬೇಕು.

ನಾವು ಆರು ಜನ ನಾಲ್ಕು ವರ್ಷದಿಂದ ವಾರ್ಡು ವಾರ್ಡು ಸುತ್ತಿ ರಕ್ತದ ಟ್ಯೂಬ್ ಹೊತ್ಕೊಂಡು ಲ್ಯಾಬಿಗೆ ತರ್ತಿದ್ವಿ. ನಿಮ್ಮ ನಾಲ್ಕನೇ ಮಹಡಿಯಿಂದ ನೆಲಮಾಳಿಗೆಗೆ ನೂರ ಹದಿನೆಂಟು ಮೆಟ್ಟಿಲು, ಆರು ನಿಮಿಷ. ಈಗ ಗೋಡೆಯೊಳಗೆ ಪೈಪು. ಟ್ಯೂಬನ್ನ ಡಬ್ಬಿಗೆ ಹಾಕು, ಬಟನ್ ಒತ್ತು, ಗಾಳಿ ಬುಸ್ ಅಂತ ತಳ್ಳುತ್ತೆ, ಇಲ್ಲಿ ಬುಟ್ಟಿಗೆ ದಬ್ ಅಂತ ಬೀಳುತ್ತೆ. ನಮ್ಮ ಮೇಸ್ತ್ರಿನ ಬಟ್ಟೆ ಒಗೆಯೋ ಕಡೆಗೆ ಹಾಕಿದ್ರು. ಇನ್ನು ನಾಲ್ಕು ಜನ ಗೇಟು, ಕ್ಯಾಂಟೀನು ಅಂತ ಚದುರಿ ಹೋದ್ರು. ನಾನೊಬ್ಬ ಹತ್ತನೇ ಕ್ಲಾಸ್ ಪಾಸು ಅಂತ ಬುಟ್ಟಿ ಮುಂದೆ ಸ್ಟೂಲ್ ಹಾಕಿ ಕೂರ್ಸಿದ್ದಾರೆ. ಪಾಸಾಗಿದ್ದಕ್ಕೆ ಶಿಕ್ಷೆ ಸಿಕ್ಕಿದ್ದು ನಮ್ಮ ಮನೆಯಲ್ಲಿ ನನಗೇ ಇರಬೇಕು. ಎಂಟು ಗಂಟೆ ಕೂರೋದು. ಕಾಲು ಜೋಮು ಹಿಡಿದು ನನ್ನ ಕಾಲೋ ಬೇರೆಯವರ ಕಾಲೋ ಗೊತ್ತಾಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ಈ ವಾರ ನಿನ್ನ ರೋಲ್ ನಂಬರಿನ ಎರಡು ಟ್ಯೂಬ್ ವಾಪಸ್ ಹೋಗಿವೆ. ರಕ್ತದ ಕಣ ಒಡೆದಿದೆ. ಮೆಷಿನ್ನಲ್ಲಿ ತಿರುಗಿಸಿದ ಮೇಲೆ ಮೇಲಿನ ನೀರು ಒಣಹುಲ್ಲಿನ ಬಣ್ಣ ಇರಬೇಕು, ನಿನ್ನದು ಬೀಟ್‌ರೂಟ್ ತೊಳೆದ ಹಾಗಿತ್ತು. ಆ ರಕ್ತದ ರಿಪೋರ್ಟು ನಂಬೋ ಹಾಗಿಲ್ಲ. ಎರಡು ವಾಪಸ್ ಚೀಟಿನೂ ಬರೆದದ್ದು ನಾನೇ. ನನ್ನ ಅಕ್ಷರ ನಿನಗೆ ಗುರುತಿದೆ. ಅದಕ್ಕೆ ಮುಂಚೇನೇ ಹೇಳ್ತಿದ್ದೀನಿ, ಇದು ನನ್ನ ಹಗೆ ಅಲ್ಲ, ನಿನ್ನ ಕೈ. ತೋಳಿಗೆ ಕಟ್ಟಿದ ಬೆಲ್ಟ್ ಬಿಚ್ಚೋಕೆ ಬರಲ್ಲ ಅಂತ ಆಸ್ಪತ್ರೆಗೆಲ್ಲ ಗೊತ್ತಿತ್ತು. ಸೂಜಿ ಹಿಡಿಯೋಕೂ ಬರಲ್ವಾ?

ಅಮ್ಮ ಭಾನುವಾರ ಬಾ ಅಂದಿದ್ದಾಳೆ. ನಾನು ಮನೇಲಿರಲ್ಲ, ಧೈರ್ಯವಾಗಿ ಬಾ.

ಇಂತಿ,
ಬುಗುರಿ. ಈಗ ತಿರುಗೋದು ನಿಂತಿದೆ.


ಜೂನ್ 5

ಲ್ಯಾಬ್ ಕೌಂಟರಿನವರಿಗೆ,

ಡಬ್ಬಿಯಲ್ಲಿ ಸ್ಯಾಂಪಲ್ ಬಿಟ್ಟು ಬೇರೇನೂ ಹಾಕಬಾರದು ಅಂತ ಕೆಂಪಕ್ಷರದಲ್ಲಿ ಬರೆದಿದೆ. ಹತ್ತನೇ ಕ್ಲಾಸ್ ಪಾಸಾದವರು ಓದಬಹುದು. ಇದೊಂದು ಸಲ ನಾನೂ ನಿಯಮ ಮುರಿದು ಉತ್ತರ ಕೊಡ್ತಿದ್ದೀನಿ.

ನಾನು ಬೆಳಿಗ್ಗೆ ಏಳಕ್ಕೆ ವಾರ್ಡಿಗೆ ಬರ್ತೀನಿ. ಹದಿನೆಂಟು ಹಾಸಿಗೆಯ ನಾಡಿ, ಬಿಪಿ, ಜ್ವರ ನೋಡಿ ಬರೀಬೇಕು. ಏಳೋಕಾಗದವರನ್ನ ಎರಡೆರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ರೆ ರಕ್ತ ಓಡಾಡದೆ ಬೆನ್ನು ಹುಣ್ಣಾಗುತ್ತೆ. ಎಂಟೂವರೆ ಒಳಗೆ ರಕ್ತ ತೆಗೆದು, ಟ್ಯೂಬಿನ ಮೇಲೆ ಹಾಸಿಗೆ ನಂಬರು, ಟೈಮು, ನನ್ನ ರೋಲ್ ನಂಬರು ಬರೀಬೇಕು. ಸರಿಯಾದ್ರೆ ಸ್ಟಾಫ್ ಸಹಿ, ತಪ್ಪಾದ್ರೆ ವಿದ್ಯಾರ್ಥಿನಿಯ ನಂಬರು. ಇದು ನನ್ನ ಜವಾಬ್ದಾರಿ. ನಿನ್ನದು ಸ್ಟೂಲ್ ಮೇಲೆ ಕೂರೋದು. ಅದನ್ನಾದ್ರೂ ನೆಟ್ಟಗೆ ಮಾಡು.

ಬೆಲ್ಟಿನ ಮಾತೆತ್ತಿದೆ. ಎತ್ತೋದು ನೀನೇ ಅಂತ ಗೊತ್ತಿತ್ತು. ಎಂಟು ತಿಂಗಳ ಹಿಂದೆ ಒಬ್ಬ ಅಜ್ಜಿಯ ರಕ್ತ ತೆಗೆದು ತೋಳಿನ ಬೆಲ್ಟ್ ಬಿಚ್ಚೋದು ಮರೆತೆ. ರವಿಕೆ ತೋಳು ಅದರ ಮೇಲೆ ಇಳಿದಿತ್ತು. ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷ ನನಗೆ ದಿನಾ ನೆನಪಾಗುತ್ತೆ, ನೀನು ನೆನಪಿಸೋದು ಬೇಕಿಲ್ಲ. ನೀನು ಟ್ಯೂಬಿನ ಬಾಕ್ಸ್ ತಗೊಳ್ಳೋಕೆ ಬಂದವನು ನೋಡಿದೆ. ಸುಮ್ಮನೆ ಬಿಚ್ಚಿ ನನಗೆ ಹೇಳಬಹುದಿತ್ತು. ವಾರ್ಡಿಗೆ ವಾರ್ಡೇ ತಿರುಗಿ ನೋಡೋ ಹಾಗೆ ಕೂಗಿದೆ. ಇನ್‌ಚಾರ್ಜ್ ಸಿಸ್ಟರ್ ಓಡಿ ಬಂದ್ರು. ನನ್ನನ್ನ ಹಿಂದಿನ ಬ್ಯಾಚಿಗೆ ತಳ್ಳಿದ್ರು. ನನ್ನ ಜೊತೆಯವರು ಈಗ ಕೊನೆ ವರ್ಷ. ನಾನು ಚಿಕ್ಕ ಹುಡುಗಿಯರ ಜೊತೆ ಸಾಲಲ್ಲಿ ನಿಂತಿದ್ದೀನಿ.

ಇನ್ನು ಬರೀಬೇಡ.

ನಾಲ್ಕನೇ ಮಹಡಿ, ರೋಲ್ ನಂಬರ್ 27


ಜೂನ್ 19

ರೋಲ್ ನಂಬರ್ 27 ಅವರಿಗೆ,

ಬರೀಬೇಡ ಅಂದೆ, ಅದಕ್ಕೇ ಬರೀತಿದ್ದೀನಿ.

ನಾಲ್ಕಾಯ್ತು ಮೇಡಂ. ಇವತ್ತಿನದನ್ನ ನೋಡಿ ನಮ್ಮ ಟೆಕ್ನಿಷಿಯನ್ "ಯಾರಪ್ಪಾ ಇದು, ರಕ್ತ ತೆಗೆದಿದ್ದಾಳೋ ಕಡೆದು ಬೆಣ್ಣೆ ತೆಗೆದಿದ್ದಾಳೋ" ಅಂದ. ನಾನು ನಕ್ಕೆ. ನನ್ನಕ್ಕ ಅಂತ ಹೇಳಲಿಲ್ಲ, ಮರ್ಯಾದೆ ನನಗೂ ಇದೆ.

ಇಲ್ಲಿ ಎಲ್ಲ ಹೀಗೇ ನಡೆಯೋದು. ಅವನು ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು "ವಾಪಸ್" ಅಂತಾನೆ ಅಷ್ಟೆ. ಚೀಟಿ ನಾನು ಬರೀಬೇಕು. ಚೀಟಿಯಲ್ಲಿ ಎರಡು ಚೌಕ ಇವೆ: ತೆಗೆದವರ ತಪ್ಪು, ತಂದವರ ತಪ್ಪು. ಮೊದಲನೇ ದಿನ ಯಾವುದಕ್ಕೆ ಟಿಕ್ ಹಾಕಲಿ ಅಂತ ಕೇಳಿದ್ದಕ್ಕೆ "ಏನೋ ಒಂದು ಹಾಕಯ್ಯ, ತಲೆ ತಿನ್ನಬೇಡ" ಅಂದ. ನಾನು ಮೊದಲನೆಯದಕ್ಕೆ ಹಾಕ್ತೀನಿ. ಇಡೀ ದಿನದಲ್ಲಿ ನನ್ನ ಕೈಯಲ್ಲಿರೋ ಅಧಿಕಾರ ಆ ಒಂದು ಟಿಕ್ಕೇ.

ನೀನು ಭಾನುವಾರ ಮನೆಗೆ ಬಂದು, ನನ್ನ ಚಪ್ಪಲಿ ಬಾಗಿಲಲ್ಲಿ ನೋಡಿ, ಹಾಗೇ ತಿರುಗಿ ಹೋದೆಯಂತೆ. ಚಪ್ಪಲಿ ಹಳೇದು ಕಣೆ. ನಾನು ನಿಜವಾಗ್ಲೂ ಇರಲಿಲ್ಲ.

ಸ್ಟೂಲಿನ ಮೇಲಿಂದ,
ಬುಗುರಿ


ಜುಲೈ 8

ಏಳಾಯ್ತು.

ಕಾಲೇಜಿಂದ ಮೆಮೊ ಬಂದಿದೆ. ಒಂದು ಪೋಸ್ಟಿಂಗಿನಲ್ಲಿ ಹತ್ತು ವಾಪಸ್ ಆದ್ರೆ ವಿಚಾರಣೆ. ಒಂದು ಸಲ ಹಿಂದೆ ಹಾಕಿದವರನ್ನ ಎರಡನೇ ಸಲ ಹಿಂದೆ ಹಾಕಲ್ಲ, ಹೆಸರು ತೆಗೆದು ಮನೆಗೆ ಕಳಿಸ್ತಾರೆ. ಮೆಮೊ ಜೊತೆ ನಿನ್ನ ಏಳು ಚೀಟಿ ಪಿನ್ ಮಾಡಿದ್ರು. ಏಳಕ್ಕೂ ತೆಗೆದವರ ತಪ್ಪು. ಆರು ರಕ್ತ ಒಡೆದದ್ದು, ಒಂದು ರಕ್ತ ಸಾಲದ್ದು. ಏಳೂ ನಿನ್ನ ದುಂಡು ಅಕ್ಷರ.

ನಾನು ಹೇಗೆ ತೆಗೀತೀನಿ ಕೇಳು. ಬೆಲ್ಟ್ ಕಟ್ಟಿ ಬಾಯಲ್ಲಿ ಎಣಿಸ್ತೀನಿ, ಐವತ್ತಕ್ಕೆ ಮುಂಚೆ ಬಿಚ್ತೀನಿ. ಬಿಚ್ಚಿ ಬೆಲ್ಟನ್ನ ನನ್ನ ಹೆಗಲ ಮೇಲೆ ಹಾಕ್ಕೋತೀನಿ, ಮರೀಬಾರದು ಅಂತ. ಸ್ಪಿರಿಟ್ ಒಣಗೋವರೆಗೆ ಕಾಯ್ತೀನಿ. ಟ್ಯೂಬನ್ನ ಅಲ್ಲಾಡಿಸಲ್ಲ, ಮೆಲ್ಲಗೆ ಮಗುಚ್ತೀನಿ. ಜೊತೆಯ ಹುಡುಗಿಯರು "ಅಕ್ಕ, ನೀವು ರಕ್ತ ತೆಗೀತೀರೋ ಪೂಜೆ ಮಾಡ್ತೀರೋ" ಅಂತ ಆಡ್ಕೋತಾರೆ. ಇಷ್ಟಾದ್ರೂ ಒಡೆಯುತ್ತೆ ಅಂದ್ರೆ ನನಗೆ ಅರ್ಥ ಆಗಲ್ಲ. ಒಂಬತ್ತನೇ ಹಾಸಿಗೆಯ ಅಜ್ಜಿಗೆ ಇವತ್ತು ಮೂರನೇ ಸಲ ಚುಚ್ಚಿದೆ. "ನಿನಗೆ ರಕ್ತ ಬೇಕೋ ನನ್ನ ಪ್ರಾಣ ಬೇಕೋ, ಒಂದೇ ಸಲ ಹೇಳಿಬಿಡು" ಅಂದ್ಲು.

ಒಂದೇ ಪ್ರಶ್ನೆ. ನನ್ನ ಟ್ಯೂಬ್ ನಿಜವಾಗ್ಲೂ ಕೆಂಪಾಗಿ ಬರ್ತಿದೆಯಾ, ಅಥವಾ ನೀನು ಬರೀತಿದ್ದೀಯಾ? ಒಂದು ಸಲ ಓದು ಹಾಳು ಮಾಡಿದ್ದು ಸಾಲದು ಅನ್ನಿಸಿದ್ರೆ ನೇರವಾಗಿ ಹೇಳು.

27


ಜುಲೈ 9

ಅಕ್ಕ,

ನಿನ್ನ ಕಾಗದ ಓದಿ ಡಬ್ಬಿನ ಗೋಡೆಗೆ ಎಸೆದೆ. ಡಬ್ಬಿಗೇನೂ ಆಗಲಿಲ್ಲ, ಟೆಕ್ನಿಷಿಯನ್ ಹತ್ರ ಬೈಸ್ಕೊಂಡೆ. ನಾನು ಸುಳ್ಳು ಚೀಟಿ ಬರೀತೀನಾ? ನಾಲ್ಕು ವರ್ಷ ಬಾಕ್ಸ್ ಹೊತ್ತವನು ನಾನು. ಒಂದು ಟ್ಯೂಬ್ ಒಡೆದಿಲ್ಲ, ಒಂದು ಕಳೆದಿಲ್ಲ.

ನಿನ್ನ ಮುಖಕ್ಕೆ ಹಿಡಿಯೋಣ ಅಂತ ಇವತ್ತು ಊಟದ ಹೊತ್ತಲ್ಲಿ ವಾಪಸ್ ಚೀಟಿಯ ಪುಸ್ತಕ ಪೂರಾ ತೆಗೆದೆ. ಎಲ್ಲರಿಗಿಂತ ನಿನ್ನದೇ ಜಾಸ್ತಿ ಅಂತ ತೋರಿಸಬೇಕಿತ್ತು. ತೋರಿಸೋಕಾಗಲಿಲ್ಲ.

ಪೈಪು ಬಂದಮೇಲೆ ನಾಲ್ಕನೇ ಮಹಡಿಯಿಂದ ರಕ್ತ ಒಡೆದು ವಾಪಸ್ ಹೋಗಿದ್ದು ನಲವತ್ತೊಂದು. ಅದರಲ್ಲಿ ನಿನ್ನದು ಆರು. ಮಿಕ್ಕಿದ್ದು ನಿನ್ನ ಚಿಕ್ಕ ಹುಡುಗಿಯರದು, ಇಪ್ಪತ್ತು ವರ್ಷ ಸರ್ವೀಸ್ ಆದ ಸ್ಟಾಫಿನದೂ ಇದೆ. ಕೆಳಗಿನ ಮೂರು ಮಹಡಿ ಸೇರಿ ಐದು. ಪೈಪು ಬರೋಕೆ ಮುಂಚೆ, ನಾವು ಹೊರ್ತಿದ್ದಾಗ, ನಿಮ್ಮ ಮಹಡಿದು ತಿಂಗಳಿಗೆ ಒಂದೋ ಎರಡೋ.

ಪೈಪು ರಿಪೇರಿಯವನು ಬಂದಾಗ ಸುಮ್ಮನೆ ಕೇಳಿದೆ. ಮಿಕ್ಕ ಮಹಡಿಯ ಪೈಪು ನೆಟ್ಟಗೆ ಕೆಳಗಿಳಿಯುತ್ತಂತೆ. ನಿಮ್ಮದಕ್ಕೆ ಗೋಡೆಯಲ್ಲಿ ಜಾಗ ಸಿಗದೆ ಟೆರೇಸಿಗೆ ಹತ್ತಿಸಿ, ಅಲ್ಲಿಂದ ಒಂದೇ ಸಮ ಐದು ಅಂತಸ್ತು ಬೀಳಿಸ್ತಾರಂತೆ.

ಸಂತೋಷ ಪಡಬೇಡ. ಬರೀ ಲೆಕ್ಕ ಹೇಳಿದೆ.

ಬುಗುರಿ


ಜುಲೈ 12

ತಮ್ಮನಾದವನೇ,

ನಲವತ್ತೊಂದು ಚೀಟಿ. ಒಂದಕ್ಕಾದರೂ ಎರಡನೇ ಚೌಕಕ್ಕೆ ಟಿಕ್ ಹಾಕಿದೆಯಾ? ಹಾಕಿದ್ರೆ ಲ್ಯಾಬ್ ಮೇಡಂ ಆವತ್ತೇ ಪೈಪು ನೋಡ್ತಿದ್ರು. ಯಾಕೆ ಹಾಕಲಿಲ್ಲ? ನಿನ್ನ ಕೆಲಸ ಕಿತ್ಕೊಂಡಿದ್ದೇ ಆ ಪೈಪು. ಅದರ ಮೇಲೆ ಇಲ್ಲದ ಪ್ರೀತಿ ಎಲ್ಲಿಂದ ಬಂತು?

ಮೇಡಂಗೆ ಬರೆದು ಕೊಡು. ಎಲ್ಲ ಚೀಟಿಯನ್ನೂ ತಿದ್ದು.

27


ಜುಲೈ 30

ಹದಿನೆಂಟು ದಿನ ಆಯ್ತು, ಉತ್ತರ ಇಲ್ಲ. ಒಂಬತ್ತಾಯ್ತು. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ಯಾವ ಚೌಕಕ್ಕೂ ಟಿಕ್ ಇಲ್ಲ, ಖಾಲಿ ಬಿಟ್ಟಿದ್ದೀಯ. ಖಾಲಿ ಬಿಟ್ರೆ ಕಾಲೇಜಿನವರು ಮೊದಲನೆಯದು ಅಂತಲೇ ಓದ್ತಾರೆ.

ನಿನಗೊಂದು ನೆನಪಿಸ್ತೀನಿ. ಹತ್ತನೇ ಕ್ಲಾಸಲ್ಲಿ ನಿನಗೆ ರಕ್ತದ ಪರಿಚಲನೆ ತಲೆಗೇ ಹತ್ತಲಿಲ್ಲ. ಐದು ನಿಮಿಷ ಕೂರ್ತಿರಲಿಲ್ಲ. ಪುಸ್ತಕ ಬಿಸಾಕಿ ನಿನ್ನನ್ನ ಮನೆ ತುಂಬ ಓಡಿಸಿದವಳು ನಾನು. ನಡುಮನೆ ಹೃದಯ, ಅಡುಗೆಮನೆ ಶ್ವಾಸಕೋಶ, ಹಿತ್ತಲು ಕಾಲಿನ ಬೆರಳು. ನೀನು ರಕ್ತ. ಹಿತ್ತಲಿಂದ ಸುಸ್ತಾಗಿ ಬಂದು, ನಡುಮನೆ ಬಲಗಡೆ ಹಾದು, ಅಡುಗೆಮನೆಗೆ ಹೋಗಿ ಉಸಿರು ತುಂಬ್ಕೊಂಡು, ವಾಪಸ್ ನಡುಮನೆ ಎಡಗಡೆಗೆ ಬಂದು ಹೊರಗೋಡಬೇಕು. ಅಡ್ಡದಾರಿ ಹಿಡಿದ್ರೆ ಸೌಟಲ್ಲಿ ಬಾರಿಸ್ತಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಐದಕ್ಕೆ ಐದು ಬಂತು. ಆ ಪಾಸಿನಿಂದಲೇ ಆ ಸ್ಟೂಲು.

ಇನ್ನೊಂದು ಟ್ಯೂಬ್ ವಾಪಸ್ ಬಂದ್ರೆ ಮುಗೀತು. ಬರೆದು ಕೊಡು, ಇಲ್ಲ ಅಂದ್ರೆ ಕೊಡಲ್ಲ ಅಂತಾದ್ರೂ ಬರಿ. ಕಾಯೋದು ನನ್ನಿಂದಾಗಲ್ಲ.

27


ಆಗಸ್ಟ್ 2

ಅಕ್ಕ,

ಟೆಕ್ನಿಷಿಯನ್‌ಗೆ ಬಾಯಲ್ಲಿ ಹೇಳಿದೆ. ನಕ್ಕ. "ನಿನಗೆ ಮತ್ತೆ ಮೆಟ್ಟಿಲು ಹತ್ತಬೇಕು, ಅದಕ್ಕೆ ಪೈಪಿನ ಮೇಲೆ ಹೇಳ್ತೀಯ. ಇಷ್ಟು ದಿನ ಟಿಕ್ ಹಾಕಿದ ಕೈ ಯಾವುದಪ್ಪಾ" ಅಂದ. ಆ ಕೈ ನನ್ನದೇ. ಅದಕ್ಕೇ ಹದಿನೆಂಟು ದಿನ.

ಉತ್ತರ ಹೇಳ್ತೀನಿ, ನಗಬೇಡ. ಕೆಲಸಕ್ಕೆ ಸೇರಿದ ಮೊದಲನೇ ದಿನವೇ ಮೇಸ್ತ್ರಿ ನಮಗೆ ಹೇಳಿಕೊಟ್ಟಿದ್ದು ಒಂದೇ ಮಾತು. "ಚೀಟಿ ಯಾರಾದ್ರೂ ನಿಮ್ಮ ಕೈಲಿ ಬರೆಸಿದ್ರೆ ಎರಡನೇ ಚೌಕ ಮುಟ್ಟಬೇಡಿ. ಅದು ನಮ್ಮ ಹೊಟ್ಟೆ." ತಂದವರ ತಪ್ಪು ಅಂತಾದ್ರೆ ಆ ಆಳನ್ನ ಸಂಬಳ ಹಿಡಿದು ಒಂದು ದಿನ ಮನೆಗೆ ಕಳಿಸ್ತಿದ್ರು. ನಾವು ಆರೂ ಜನ ಒಬ್ಬರನ್ನೊಬ್ಬರು ಯಾವತ್ತೂ ಬಿಟ್ಟುಕೊಡಲಿಲ್ಲ. ಸ್ಟೂಲಿಗೆ ಬಂದಮೇಲೂ ಕೈ ತಾನೇ ಮೊದಲನೇ ಚೌಕಕ್ಕೆ ಹೋಗ್ತಿತ್ತು. ತರೋರು ಈಗ ಯಾರೂ ಇಲ್ಲ, ಬರೀ ಗಾಳಿ ಅಂತ ಕೈಗೆ ಗೊತ್ತಾಗಲಿಲ್ಲ. ನನ್ನ ಅನ್ನ ಕಿತ್ಕೊಂಡ ಪೈಪನ್ನ ನಾನೇ ಎರಡು ತಿಂಗಳು ಕಾಪಾಡಿದೆ, ನಿನ್ನನ್ನ ಮುಂದೆ ತಳ್ಳಿ.

ಹಾಗಂತ ಬರೆದು ಕೊಟ್ರೆ ಈ ಸ್ಟೂಲೂ ಹೋಗುತ್ತೆ. ಹೋಗಲಿ ಅಂತ ಬಾಯಲ್ಲಿ ಹೇಳೋದು ಸುಲಭ. ನಾನು ನಿನ್ನ ಹಾಗೆ ಮುಂದೆ ಓದಿಲ್ಲ.

ಬರೀ ಮಾತು ಯಾರೂ ನಂಬಲ್ಲ, ಅದರಲ್ಲೂ ತಮ್ಮನ ಮಾತು. ಅದಕ್ಕೆ ಹೀಗೆ ಮಾಡೋಣ. ಒಂದೇ ತೋಳು, ಒಂದೇ ಸೂಜಿ, ಎರಡು ಟ್ಯೂಬ್. ಒಂದು ಪೈಪಲ್ಲಿ ಬರಲಿ, ಇನ್ನೊಂದನ್ನ ಮೇಸ್ತ್ರಿ ಟೀ ಬಿಡುವಲ್ಲಿ ಬಂದು ನಡೆದು ತರಲಿ. ಮೂರು ದಿನ. ನಮ್ಮ ಜಗಳಕ್ಕೆ ರೋಗಿಗಳನ್ನ ಚುಚ್ಚೋಕಾಗಲ್ಲ. ನನ್ನ ತೋಳು ತಗೋ. ಸಾಕ್ಷಿಗೆ ಇನ್‌ಚಾರ್ಜ್ ಸಿಸ್ಟರೇ ನಿಲ್ಲಲಿ. ನಿನ್ನನ್ನ ಕಂಡ್ರೆ ಆಗದವರು ಸಾಕ್ಷಿ ಹೇಳಿದ್ರೇ ಬೆಲೆ. ನೀನೇ ಹೋಗಿ ಕೇಳು.

ಮತ್ತೆ ಆ ಬೆಲ್ಟಿನ ವಿಷಯ. ಬಿಚ್ಚಬಹುದಿತ್ತು ಅಂದೆ. ರೋಗಿನ ಮುಟ್ಟಿದ್ರೆ ಕೆಲಸ ಹೋಗುತ್ತೆ ಅಂತ ನಮಗೆ ರೂಲ್ಸು. ಅಜ್ಜಿ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನಾನು ಕೂಗಿದ್ದು ನಿನ್ನನ್ನೇ. ನೀನು ಸ್ಟೋರಿಗೆ ಹೋಗಿದ್ದೆ. ಬಂದವರು ಸಿಸ್ಟರ್.

ಬುಗುರಿ


ಆಗಸ್ಟ್ 5

ರೋಲ್ ನಂಬರ್ 27,

ಇನ್‌ಚಾರ್ಜ್ ಸಿಸ್ಟರ್ "ಈ ಹುಡುಗ ನಿನಗೇನಾಗಬೇಕು" ಅಂದಾಗ "ಲ್ಯಾಬಿನವನು" ಅಂದ್ಯಲ್ಲ, ಸಂತೋಷ ಆಯ್ತು. ಅವರೇನೂ ಕುರುಡರಲ್ಲ, ಇಬ್ಬರದೂ ಒಂದೇ ಮೂಗು.

ಬೆಲ್ಟ್ ಅಷ್ಟು ಬಿಗೀಬೇಕಿತ್ತಾ? ಬೇಕಂತಲೇ ಬಿಗಿದೆ. ಎಣಿಸೋವಾಗ ನನ್ನ ಮುಖ ನೋಡದೆ ಗೋಡೆ ನೋಡ್ಕೊಂಡು ಎಣಿಸಿದೆ. ನಲವತ್ತೊಂದಕ್ಕೆ ಬಿಚ್ಚಿ ನನ್ನ ಕಣ್ಣೆದುರಿಗೆ ಬೆಲ್ಟ್ ಹಿಡಿದು "ಬಿಚ್ಚಿದೀನಿ, ನೋಡ್ಕೊ" ಅಂದೆ. ಹತ್ತು ತಿಂಗಳಲ್ಲಿ ನೀನು ಬಾಯಿಬಿಟ್ಟು ನನ್ನ ಹತ್ರ ಆಡಿದ ಮಾತು ಅದೊಂದೇ.

ಚುಚ್ಚಿದ್ದು ಗೊತ್ತಾಗಲಿಲ್ಲ. ಹೇಳಬಾರದು ಅಂತಿದ್ದೆ.

ಬುಗುರಿ


ಆಗಸ್ಟ್ 6

ಚುಚ್ಚೋವಾಗ ನೀನು ಕಣ್ಣು ಮುಚ್ಕೊಂಡಿದ್ದೆ. ಗೊತ್ತಾಗೋದು ಹೇಗೆ?

ನಾಳೆ ಎಡಗೈ. ಏನಾದ್ರೂ ತಿಂದು ಬಾ, ಇಲ್ಲಿ ತಲೆ ತಿರುಗಿ ಬಿದ್ರೆ ಅದಕ್ಕೂ ನನ್ನ ನಂಬರೇ ಬರೀತಾರೆ.

27


ಆಗಸ್ಟ್ 9

ಇಂದ: ಲ್ಯಾಬ್ ಕೌಂಟರ್ ಸಹಾಯಕ
ಗೆ: ಲ್ಯಾಬ್ ಮುಖ್ಯಸ್ಥರಾದ ಮೇಡಂ ಅವರಿಗೆ
ನಕಲು: ನಾಲ್ಕನೇ ಮಹಡಿ, ರೋಲ್ ನಂಬರ್ 27
ವಿಷಯ: ತಪ್ಪು ಟಿಕ್ ಹಾಕಿದ ಬಗ್ಗೆ

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡುವುದೇನೆಂದರೆ, ಆಗಸ್ಟ್ 5, 7 ಮತ್ತು 8ರಂದು ನಾಲ್ಕನೇ ಮಹಡಿಯಲ್ಲಿ ನನ್ನ ತೋಳಿನಿಂದ ರೋಲ್ ನಂಬರ್ 27 ಅವರು ರಕ್ತ ತೆಗೆದಿರುತ್ತಾರೆ. ಪ್ರತಿ ಸಲ ಒಂದೇ ಸೂಜಿಯಿಂದ ಎರಡು ಟ್ಯೂಬ್. ಇನ್‌ಚಾರ್ಜ್ ಸಿಸ್ಟರ್ ಗಡಿಯಾರ ಹಿಡಿದು ನಿಂತು, ಟ್ಯೂಬಿನ ಮೇಲೆ ತಾವೇ ಗುರುತು ಹಾಕಿರುತ್ತಾರೆ. ಮೆಷಿನ್ನಿನಲ್ಲಿ ತಿರುಗಿಸಿ ನೋಡಿದಾಗ ಪೈಪಿನಲ್ಲಿ ಬಂದ ಮೂರೂ ಕೆಂಪಾಗಿದ್ದವು. ನಡೆದು ಬಂದ ಮೂರೂ ತಿಳಿಯಾಗಿದ್ದವು. ಕೆಂಪಾದ ಟ್ಯೂಬಿನಲ್ಲಿ ನನ್ನ ಪೊಟ್ಯಾಸಿಯಂ ಎಷ್ಟು ಬಂತೆಂದರೆ, ಅದನ್ನು ನಂಬಿದ್ದರೆ ನನ್ನನ್ನು ಆಗಲೇ ತುರ್ತು ವಾರ್ಡಿಗೆ ಹಾಕಬೇಕಿತ್ತು. ನಾನು ಆ ಹೊತ್ತಿಗೆ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದೆ.

ನಾಲ್ಕನೇ ಮಹಡಿಯ ನಲವತ್ತೊಂದು ಚೀಟಿಗಳಿಗೆ ತೆಗೆದವರ ತಪ್ಪು ಎಂದು ಟಿಕ್ ಹಾಕಿದವನು ನಾನು. ಯಾರೂ ಹಾಕು ಎಂದು ಹೇಳಿಲ್ಲ. ಯೋಚನೆ ಮಾಡಿಯೂ ಹಾಕಿಲ್ಲ. ಜುಲೈ 9ರಂದು ನನಗೆ ಅನುಮಾನ ಬಂದಿತ್ತು. ಆಮೇಲೂ ಕೆಲಸ ಹೋಗುತ್ತದೆಂದು ತಿಂಗಳು ಸುಮ್ಮನಿದ್ದೆ. ಆ ತಿಂಗಳಲ್ಲಿ ಇನ್ನೂ ಹನ್ನೊಂದು ಜನಕ್ಕೆ ಎರಡನೇ ಸಲ ಚುಚ್ಚಿದ್ದಾರೆ. ರೋಲ್ ನಂಬರ್ 27 ನನ್ನ ಅಕ್ಕ. ಇದನ್ನು ಮುಚ್ಚಿಟ್ಟರೆ ಆಮೇಲೆ ಯಾರಾದರೂ ಹೇಳುತ್ತಾರೆ, ಅದಕ್ಕೆ ನಾನೇ ಹೇಳುತ್ತಿದ್ದೇನೆ.

ಆಗುವ ಕ್ರಮಕ್ಕೆ ಬದ್ಧನಾಗಿರುತ್ತೇನೆ.

ತಮ್ಮ ವಿಧೇಯ,
ಸಹಿ


ಸೆಪ್ಟೆಂಬರ್ 3

ನಿನಗೆ ಹದಿನೈದು ದಿನ ಸಸ್ಪೆಂಡ್ ಅಂತ ಅಮ್ಮನಿಂದ ಗೊತ್ತಾಯ್ತು. ಮನೆಯಲ್ಲಿ ಒಂದು ಕಡೆ ಕೂರದೆ ಬಾಗಿಲಿನ ಕೀಲಿಗೆಲ್ಲ ಎಣ್ಣೆ ಬಿಟ್ಟಿದ್ದೀಯಂತೆ. ಅದಕ್ಕೇ ಇದನ್ನ ಅಮ್ಮನ ಕೈಲಿ ಕಳಿಸ್ತಿದ್ದೀನಿ.

ಒಂಬತ್ತರಲ್ಲಿ ಎಂಟು ತೆಗೆದುಹಾಕಿದ್ರು. ಒಂದು ಉಳೀತು. ಅದು ಅರ್ಧವೂ ತುಂಬದ ಟ್ಯೂಬ್. ಅದು ನನ್ನದೇ, ಇರಲಿ. ವಿಚಾರಣೆ ಇಲ್ಲ. ನಮ್ಮ ಮಹಡಿಯ ಪೈಪಿಗೆ ಬೀಗ ಹಾಕಿದ್ದಾರೆ, ದಾರಿ ಬದಲಾಯಿಸೋಕೆ ಆರು ತಿಂಗಳಂತೆ. ಅಲ್ಲಿವರೆಗೆ ಒಬ್ಬ ಹೊರೋನು ಬೇಕಂತೆ. ಮೇಸ್ತ್ರಿ ಮಂಡಿ ನೋವು ಅಂತ ಒಪ್ಪಲಿಲ್ಲ.

ಕ್ಷಮಿಸಿದ್ದೀನಿ ಅಂದ್ಕೋಬೇಡ. ಜುಲೈ 9ರಿಂದ ಆಗಸ್ಟ್ 9. ಅದು ನಿನ್ನ ಕೈ ಮಾಡಿದ್ದಲ್ಲ, ನೀನೇ ಮಾಡಿದ್ದು.

27


ಸೆಪ್ಟೆಂಬರ್ 24

ಅಕ್ಕ,

ಈಗ ಡಬ್ಬಿ ಇಲ್ಲ. ಬಾಕ್ಸ್ ತಗೊಳ್ಳೋಕೆ ಬಂದಾಗ ಇದನ್ನ ನಿಮ್ಮ ಕೌಂಟರ್ ಮೇಲೆ ಇಟ್ಟು ಹೋಗ್ತೀನಿ. ದಿನಕ್ಕೆ ಹದಿನಾಲ್ಕು ಸಲ ಬರ್ತೀನಿ, ಹದಿನಾಲ್ಕು ಸಲ ನೀನು ನನ್ನ ಕಡೆ ಬೆನ್ನು ಹಾಕ್ತೀಯ. ಹಾಕು. ಬೆನ್ನು ನೋಡಿಯೇ ಗೊತ್ತಾಗುತ್ತೆ, ಬೆಲ್ಟ್ ಹೆಗಲ ಮೇಲೆ ಇದೆಯೋ ಇಲ್ವೋ ಅಂತ.

ಇವತ್ತು ಬೆಳಿಗ್ಗೆ ಎರಡನೇ ಮಹಡಿ ತಿರುವಲ್ಲಿ ನೆಲ ಒರೆಸಿದ್ರು. ಜಾರಿದೆ. ಬಾಕ್ಸ್ ಉಳೀತು, ಒಂದು ಟ್ಯೂಬ್ ಒಡೀತು. ಒಂಬತ್ತನೇ ಹಾಸಿಗೆ, ನಿನ್ನ ನಂಬರು. ನಾಲ್ಕು ವರ್ಷದಲ್ಲಿ ಮೊದಲನೆಯದು.

ಸ್ಟೂಲ್ ಮೇಲೆ ಈಗ ಹೊಸಬ ಒಬ್ಬ ಕೂತಿದ್ದಾನೆ. ಪೆನ್ನೆತ್ತಿ "ಅಣ್ಣ, ಯಾವುದಕ್ಕೆ ಹಾಕಲಿ" ಅಂದ, ಕಣ್ಣು ಹೊಡೆದ. ಅವನಿಗೂ ಯಾರೋ ಆಗಲೇ ಹೇಳಿಕೊಟ್ಟಿದ್ದಾರೆ. ಚೀಟಿ ಅವನ ಕೈಯಿಂದ ಕಿತ್ಕೊಂಡು ನಾನೇ ಬರೆದೆ. ಎರಡನೇ ಚೌಕ. ಪೆನ್ನು ಎರಡು ಸಲ ಮೊದಲನೇ ಚೌಕದ ಕಡೆ ಹೋಯ್ತು, ಸುಳ್ಳು ಯಾಕೆ ಹೇಳಲಿ. ಕೆಳಗೆ ನನ್ನ ಸಹಿ ಹಾಕಿದೆ. ನಾಳೆ ಒಂದು ದಿನ ಮನೇಲಿ ಕೂರ್ಬೇಕು.

ಬುಗುರಿ


ಸೆಪ್ಟೆಂಬರ್ 26

ಒಂಬತ್ತನೇ ಹಾಸಿಗೆಯ ಅಜ್ಜಿಗೆ ಮತ್ತೆ ಚುಚ್ಚಿದೆ. ಬೈದಿದ್ದು ನನ್ನನ್ನ. "ಆ ಬಾಕ್ಸಿನ ಹುಡುಗ ಬೀಳಿಸಿದ, ಅವನನ್ನೇ ಬೈಯ್ರಿ" ಅಂದೆ. "ನಿನ್ನೆ ಬಂದವನು ಕಾಲೆಳೆದ್ಕೊಂಡು ಬಂದ, ಆ ಓಡೋ ಹುಡುಗ ಎಲ್ಲಿ" ಅಂತ ಕೇಳಿದ್ಲು.

ಚೀಟಿಯ ನಕಲು ವಾರ್ಡಿಗೆ ಬಂತು. ನನ್ನ ಫೈಲಿಗೆ ಹಾಕ್ಕೊಂಡಿದ್ದೀನಿ.

ನಂಬರ್ ಬ್ಲಾಕ್ ಹಾಗೇ ಇದೆ. ಮೆಟ್ಟಿಲು ನೋಡ್ಕೊಂಡು ಇಳಿ.

ಅಕ್ಕ